ನೀರಿಗಿಳಿದರೆ ನಾಡಿಮಿಡಿತದ ಲೆಕ್ಕವೇ ಬೇರೆ: ಅಕ್ವಾ ಏರೋಬಿಕ್ಸ್ ಮಾಡುವವರು ತಿಳಿದಿರಬೇಕಾದ ಸಂಗತಿ

ಮಂಡಿ ನೋವು ಇದ್ದವರಿಗೆ ವೈದ್ಯರು ಈಗೀಗ ನೀರಿನ ವ್ಯಾಯಾಮ ಹೇಳುವುದು ಹೆಚ್ಚಾಗಿದೆ. ಎದೆ ಮಟ್ಟದ ನೀರಿನಲ್ಲಿ ನಿಂತರೆ ದೇಹದ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕಾಲಿನ ಮೇಲೆ ಬೀಳುತ್ತದೆ. ಗಲ್ಫ್‌ನ ಫ್ಲ್ಯಾಟ್‌ಗಳಲ್ಲಿ ಈಜುಕೊಳ ಇರುವ ಕಡೆ ನಮ್ಮವರೂ ಇದನ್ನು ಶುರು ಮಾಡಿಕೊಂಡಿದ್ದಾರೆ. ಆದರೆ ಹೆಚ್ಚಿನವರು ಒಂದು ಕಡೆ ಎಡವುತ್ತಾರೆ. ವಾಕಿಂಗ್‌ನಲ್ಲಿ ನೋಡುವ ನಾಡಿಮಿಡಿತದ ಸಂಖ್ಯೆಯನ್ನೇ ನೀರಿನಲ್ಲೂ ಹುಡುಕುತ್ತಾರೆ. ಅದು ಸಿಗುವುದಿಲ್ಲ. ಸಿಗುವವರೆಗೆ ಬಿಡುವುದಿಲ್ಲ ಅಂತ ಹೊರಟರೆ ದೇಹ ಅಳತೆ ಮೀರಿ ದಣಿದಿರುತ್ತದೆ.

ಯಾಕೆ ಹೀಗೆ? ನೀರು ಕಾಲು, ಹೊಟ್ಟೆಯನ್ನು ಸುತ್ತಲಿಂದ ಒತ್ತುತ್ತದೆ. ರಕ್ತನಾಳಗಳಲ್ಲಿದ್ದ ರಕ್ತ ಎದೆಯ ಕಡೆ ಸರಿಯುತ್ತದೆ. ಕತ್ತಿನವರೆಗೆ ಮುಳುಗಿದರೆ ಸುಮಾರು 700 ಮಿಲಿಲೀಟರ್‌ನಷ್ಟು. ಹೃದಯ ಚೆನ್ನಾಗಿ ತುಂಬುತ್ತದೆ, ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಹೊರಗೆ ಹೋಗುತ್ತದೆ. ಹಾಗಾಗಿ ಅಷ್ಟೇ ಕೆಲಸಕ್ಕೆ ಕಡಿಮೆ ಬಡಿತ ಸಾಕು. ನೀರು ದೇಹದ ಬಿಸಿಯನ್ನು ಬೇಗ ಎಳೆದುಕೊಳ್ಳುವುದೂ ಇನ್ನೊಂದು ಕಾರಣ. ಸಾಮಾನ್ಯವಾಗಿ ನಿಮಿಷಕ್ಕೆ 10ರಿಂದ 17 ಬಡಿತ ಕಡಿಮೆ ಅನ್ನುತ್ತಾರೆ. ಆದರೆ ಇದು ಎಲ್ಲರಿಗೂ ಒಂದೇ ಅಲ್ಲ. ನೀರಿನ ಆಳ, ಬಿಸಿ, ಮೈಕಟ್ಟು ನೋಡಿಕೊಂಡು ಬದಲಾಗುತ್ತದೆ.

ಬ್ರೆಜಿಲ್‌ನ ಸಂಶೋಧಕ ಕ್ರುಯೆಲ್ ಹೆಸರಿನಲ್ಲಿ ಇದಕ್ಕೊಂದು ಸರಳ ಉಪಾಯ ಬಳಕೆಯಲ್ಲಿದೆ. ಕೊಳದ ಹೊರಗೆ ಮೂರು ನಿಮಿಷ ಸುಮ್ಮನೆ ನಿಂತು ನಾಡಿ ಎಣಿಸುವುದು. ಆಮೇಲೆ ಎದೆ ಮಟ್ಟದ ನೀರಿನಲ್ಲಿ ಮೂರು ನಿಮಿಷ ನಿಂತು ಮತ್ತೆ ಎಣಿಸುವುದು. ಎರಡರ ವ್ಯತ್ಯಾಸವೇ ಆ ವ್ಯಕ್ತಿಯ ಕಳೆಯುವ ಲೆಕ್ಕ. ಉದಾಹರಣೆಗೆ 50 ವರ್ಷದವರು. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ 170. ಅದರ ಶೇ. 60ರಿಂದ 75 ಅಂದರೆ ನೆಲದ ಮೇಲೆ 102ರಿಂದ 127. ವ್ಯತ್ಯಾಸ 15 ಬಂತು ಅಂತಿಟ್ಟುಕೊಳ್ಳಿ. ಗರಿಷ್ಠ 155 ಆಗುತ್ತದೆ, ನೀರಿನೊಳಗಿನ ಗುರಿ 93ರಿಂದ 116. (220ರ ಈ ಸೂತ್ರವೇ ಅಂದಾಜಿನದ್ದು, ಅದನ್ನು ಕಲ್ಲಿನ ಮೇಲಿನ ಗೆರೆ ಅಂದುಕೊಳ್ಳಬೇಕಾಗಿಲ್ಲ.) ಎಣಿಸುವಾಗ ನಿಂತ ಕೂಡಲೇ 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಬೇಕು. ತಡ ಮಾಡಿದರೆ ಬಡಿತ ಇಳಿದುಬಿಡುತ್ತದೆ. ಕೈಗೆ ಕಟ್ಟುವ ವಾಚ್‌ಗಳು ನೀರಿನಲ್ಲಿ ಆಗಾಗ ತಪ್ಪು ತೋರಿಸುತ್ತವೆ.

ಇಷ್ಟೆಲ್ಲ ಲೆಕ್ಕ ಬೇಡ ಅನ್ನುವವರಿಗೆ ಸ್ವೀಡನ್‌ನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಇದೆ. 6ರಿಂದ 20ರವರೆಗೆ ತನಗೆ ಎಷ್ಟು ಕಷ್ಟ ಅನಿಸುತ್ತಿದೆ ಅಂತ ತಾನೇ ಅಂಕ ಕೊಡುವುದು. 11 ಅಂದರೆ ಹಗುರ, 13 ಅಂದರೆ ಸ್ವಲ್ಪ ಕಷ್ಟ, 15 ಅಂದರೆ ಕಷ್ಟ. ಹೆಚ್ಚಿನವರಿಗೆ 12-14 ಸಾಕು. ಇನ್ನೂ ಸುಲಭ ಅಂದರೆ ಮಾತಾಡಿ ನೋಡುವುದು: ಪೂರ್ತಿ ವಾಕ್ಯ ಹೇಳಲಿಕ್ಕೆ ಆಗಬೇಕು, ಹಾಡಲಿಕ್ಕೆ ಆಗಬಾರದು. ನೀರಿನಲ್ಲಿ ನಿಜಕ್ಕೂ ನಂಬಬಹುದಾದ್ದು ಇವೇ.

ವೇಗದ ವಿಷಯದಲ್ಲೂ ಮೋಸ ಹೋಗುವುದುಂಟು. ತರಬೇತುದಾರರು ದಡದ ಮೇಲೆ ಗಾಳಿಯಲ್ಲಿ ಕೈ ಬೀಸಿ ತೋರಿಸುತ್ತಾರೆ, ಕಲಿಯುವವರು ಅದೇ ವೇಗ ಹಿಡಿಯಲು ಹೆಣಗುತ್ತಾರೆ. ನೀರಿನಲ್ಲಿ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟು. ಸುಸ್ತಾದರೆ ನಿಲ್ಲಿಸಬೇಕೆಂದೇ ಇಲ್ಲ. ಅಂಗೈಯನ್ನು ಅಡ್ಡ ತಿರುಗಿಸಿ ನೀರನ್ನು ಸೀಳುವಂತೆ ಆಡಿಸಿದರೂ ಭಾರ ಇಳಿಯುತ್ತದೆ.

ಬಿಪಿಗೆ, ಹೃದಯಕ್ಕೆ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಲ್ಲಿ ನಾಡಿ ಮೊದಲೇ ಕಡಿಮೆ ಇರುತ್ತದೆ. ಅವರು ಸಂಖ್ಯೆ ನೋಡುವುದು ಬಿಟ್ಟು ಉಸಿರನ್ನೇ ನೋಡಬೇಕು. ಹೃದಯ ದುರ್ಬಲ ಇದ್ದವರಿಗೆ ಎದೆಗೆ ಸರಿಯುವ ಆ ಹೆಚ್ಚುವರಿ ರಕ್ತವೇ ಹೊರೆಯಾಗಬಹುದು, ವೈದ್ಯರನ್ನು ಕೇಳದೆ ಆಳದ ನೀರಿಗೆ ಇಳಿಯಬಾರದು. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಇಳಿಯದಿರುವುದು ಒಳ್ಳೆಯದು. ಬೆವರು ನೀರಿನಲ್ಲಿ ಕಾಣುವುದಿಲ್ಲ, ಹಾಗಾಗಿ ಕುಡಿಯುವ ನೀರಿನ ಬಾಟಲಿ ಕೊಳದ ಅಂಚಿನಲ್ಲೇ ಇರಲಿ.