ಸಾಕು ಗಿಳಿಗಳ ಆಹಾರ ಮತ್ತು ಜೀವಸತ್ವ ಪೂರಕಗಳು

ಸಾಕು ಗಿಳಿಗಳ ಆಹಾರವೆಂದರೆ ಮನೆಯಲ್ಲಿ ಸಾಕಲಾಗುವ ಗಿಳಿ ಗಣದ ಹಕ್ಕಿಗಳಿಗೆ ನೀಡುವ ಕಾಳು, ತರಕಾರಿ, ಹಣ್ಣು, ಸಿದ್ಧ ಆಹಾರ ಹಾಗೂ ಅಗತ್ಯವಿದ್ದಾಗ ಸೇರಿಸುವ ಜೀವಸತ್ವ ಮತ್ತು ಖನಿಜ ಪೂರಕಗಳು. ವಿಟಮಿನ್ ಎಂಬ ಪದಕ್ಕೆ ಕನ್ನಡದಲ್ಲಿ ಜೀವಸತ್ವವೆಂಬ ಹೆಸರು ಬಳಕೆಯಲ್ಲಿದೆ. ಗಿಳಿಗಳ ಗಣದಲ್ಲಿ ಸುಮಾರು 400 ಪ್ರಭೇದಗಳಿದ್ದು, ಬಜರಿಗರ್, ಕಾಕಟೀಲ್, ಲವ್ ಬರ್ಡ್, ಆಫ್ರಿಕದ ಬೂದು ಗಿಳಿ, ಅಮೆಜಾನ್ ಗಿಳಿ, ಮಕಾವ್ ಮೊದಲಾದವು ಸಾಕುಹಕ್ಕಿಗಳಾಗಿ ಪ್ರಸಿದ್ಧವಾಗಿವೆ. ಪಶುವೈದ್ಯರ ಬಳಿಗೆ ಬರುವ ಸಾಕು ಗಿಳಿಗಳ ಕಾಯಿಲೆಗಳಲ್ಲಿ ಅನೇಕವು ಅಪೌಷ್ಟಿಕತೆಯಿಂದ ಹುಟ್ಟಿದವು. ಇದು ಹಸಿವಿನಿಂದ ಬರುವ ಅಪೌಷ್ಟಿಕತೆಯಲ್ಲ. ಬಟ್ಟಲು ತುಂಬ ಕಾಳು ಇರುವಾಗಲೇ ಬರುವಂಥದು.

ಹಕ್ಕಿಗಳು ಮತ್ತು ಜೀವಸತ್ವಗಳ ಶೋಧ

ಜೀವಸತ್ವಗಳೆಂಬ ವಸ್ತುಗಳಿವೆ ಎಂಬುದು ಮನುಷ್ಯನಿಗೆ ತಿಳಿದುಬಂದದ್ದರಲ್ಲಿ ಸಾಕುಹಕ್ಕಿಗಳ ಪಾತ್ರ ದೊಡ್ಡದು. 1890ರ ದಶಕದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದನು. ಅವನ ಪ್ರಯೋಗಾಲಯದ ಕೋಳಿಗಳು ಕಾಲಿನ ಶಕ್ತಿ ಕುಂದಿ ಬೀಳತೊಡಗಿದವು. ಕೆಲಕಾಲದ ಬಳಿಕ ತಾವಾಗಿಯೇ ಗುಣವಾದವು. ವಿಚಾರಿಸಿದಾಗ, ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅಕ್ಕಿಯ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನವನ್ನು ಕೋಳಿಗಳಿಗೆ ಕೊಡಲು ಒಪ್ಪದೆ ಹೋದುದರಿಂದ ತವುಡು ತೆಗೆಯದ ಅಕ್ಕಿ ದೊರೆಯತೊಡಗಿತೆಂದೂ ತಿಳಿಯಿತು. ಒಬ್ಬ ಅಡುಗೆಯವನ ಹಟ ವಿಜ್ಞಾನಕ್ಕೆ ಇಷ್ಟು ಉಪಕಾರ ಮಾಡಿದ ನಿದರ್ಶನ ವಿರಳ. ಮುಂದೆ ಕ್ಯಾಸಿಮಿರ್ ಫಂಕ್ ಎಂಬ ವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ, 1912ರಲ್ಲಿ ಇಂಥ ವಸ್ತುಗಳಿಗೆ ವಿಟಮಿನ್ ಎಂಬ ಹೆಸರನ್ನು ಸೂಚಿಸಿದನು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೆಯಾಗಿ ಲಭಿಸಿತು. ಹೊಟ್ಟೆ ತುಂಬ ತಿಂದ ಹಕ್ಕಿಯೂ ಒಂದೇ ಬಗೆಯ ಧಾನ್ಯದಿಂದ ರೋಗಕ್ಕೀಡಾಗಬಹುದೆಂಬ ಈ ತಿಳಿವಳಿಕೆಗೆ ನೂರು ವರ್ಷ ಮೀರಿದ್ದರೂ, ಪಂಜರದ ಗಿಳಿಗೆ ಒಂದೇ ಬಗೆಯ ಕಾಳು ಹಾಕುವ ರೂಢಿ ಇನ್ನೂ ನಿಂತಿಲ್ಲ.

ಕಾಳಿನ ಆಹಾರ ಮತ್ತು ಅದರ ಕೊರತೆ

ಅಂಗಡಿಗಳಲ್ಲಿ ದೊರೆಯುವ ಗಿಳಿ ಆಹಾರದಲ್ಲಿ ಸಾಮಾನ್ಯವಾಗಿ ಸೂರ್ಯಕಾಂತಿ ಬೀಜ, ನವಣೆ, ಸಜ್ಜೆ, ಬರಗು, ಕುಸುಬೆ ಇತ್ಯಾದಿಗಳ ಮಿಶ್ರಣವಿರುತ್ತದೆ. ಮಿಶ್ರಣವೆಂದು ಹೆಸರೇ ಹೊರತು ಗಿಳಿಯು ತಿನ್ನುವುದು ಮಿಶ್ರಣವನ್ನಲ್ಲ. ಅದು ತನಗೆ ರುಚಿಸುವ ಕೊಬ್ಬಿನ ಬೀಜಗಳನ್ನು ಆರಿಸಿಕೊಂಡು ಉಳಿದವನ್ನು ಚೆಲ್ಲುತ್ತದೆ. ಸೂರ್ಯಕಾಂತಿಯ ತಿರುಳಿನ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಕೊಬ್ಬೇ ಇದೆ. ಕಾಡಿನಲ್ಲಿ ದಿನಕ್ಕೆ ಹಲವು ಕಿಲೋಮೀಟರು ಹಾರುವ ಹಕ್ಕಿಗೆ ಅದು ಶಕ್ತಿಯಾದೀತು. ಪಂಜರದ ಕೋಲಿನ ಮೇಲೆ ಕುಳಿತ ಹಕ್ಕಿಯಲ್ಲಿ ಅದು ಬೊಜ್ಜಾಗಿ, ಯಕೃತ್ತಿನಲ್ಲಿ ಕೊಬ್ಬು ತುಂಬುವ ರೋಗಕ್ಕೆ ಕಾರಣವಾಗುತ್ತದೆ.

ಕಾಳುಗಳಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಡಿ ಜೀವಸತ್ವ ಇಲ್ಲ. ಕ್ಯಾಲ್ಸಿಯಂ ಅಲ್ಪ, ಆದರೆ ರಂಜಕ ಅದಕ್ಕಿಂತ ಹಲವು ಪಟ್ಟು ಹೆಚ್ಚು. ರಂಜಕ ಹೆಚ್ಚಾದಷ್ಟೂ ಇರುವ ಕ್ಯಾಲ್ಸಿಯಂ ಕೂಡ ದೇಹಕ್ಕೆ ಒದಗುವುದಿಲ್ಲ. ಕೇವಲ ಕಾಳು ತಿಂದು ಬೆಳೆದ ಬಜರಿಗರ್‌ಗಳಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡ ಉಂಟಾಗುವುದೂ ಉಂಟು. ಅಯೋಡಿನ್ ಕೊರತೆಯಿಂದ ಊದಿದ ಥೈರಾಯ್ಡ್ ಗ್ರಂಥಿಯು ಶ್ವಾಸನಾಳವನ್ನು ಒತ್ತುವುದರಿಂದ ಅಂಥ ಹಕ್ಕಿ ಉಸಿರಾಡುವಾಗ ಕೀಚಲು ಸದ್ದು ಕೇಳಿಬರುತ್ತದೆ.

ಎ ಜೀವಸತ್ವ

ಗಿಳಿಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಕೊರತೆ ಇದೇ. ಬಾಯಿ, ಮೂಗು, ಶ್ವಾಸನಾಳ, ಮೂತ್ರಪಿಂಡದ ನಾಳಗಳ ಒಳಪೊರೆಯನ್ನು ತೇವವಾಗಿಯೂ ಮೃದುವಾಗಿಯೂ ಇಡುವುದು ಎ ಜೀವಸತ್ವದ ಕೆಲಸ. ಅದು ಕಡಿಮೆಯಾದಾಗ ಒಳಪೊರೆ ಚರ್ಮದಂತೆ ಒರಟಾಗಿ, ಲೋಳೆ ಸ್ರವಿಸುವುದು ನಿಂತು, ರೋಗಾಣುಗಳಿಗೆ ದಾರಿಯಾಗುತ್ತದೆ. ಗಿಳಿಯ ಬಾಯಿಯ ಮೇಲ್ಭಾಗದಲ್ಲಿ ಒಂದು ಸೀಳು ಇದ್ದು, ಅದರ ಅಂಚಿನಲ್ಲಿ ಮುಳ್ಳಿನಂಥ ಸಣ್ಣ ಸಣ್ಣ ಚಾಚುಗಳಿರುತ್ತವೆ. ಕೊರತೆಯುಳ್ಳ ಹಕ್ಕಿಯಲ್ಲಿ ಈ ಚಾಚುಗಳು ಮೊಂಡಾಗಿ ಸವೆದಿರುತ್ತವೆ. ವೈದ್ಯರು ಬಾಯಿ ತೆರೆಸಿ ಮೊದಲು ನೋಡುವುದು ಇದನ್ನೇ. ಮೂಗು ಸೋರುವುದು, ಸೀನು, ಕಣ್ಣಿನ ಸುತ್ತ ಊತ, ನಾಲಿಗೆಯ ಕೆಳಗೆ ಬಿಳಿ ಗಂಟು, ಗರಿಗಳ ಬಣ್ಣ ಮಾಸುವುದು ಇತರ ಲಕ್ಷಣಗಳು. ಮನೆಯವರು ಇದನ್ನು ನೆಗಡಿಯೆಂದು ತಿಳಿದು ಬೆಚ್ಚಗಿಡುವುದರಲ್ಲಿಯೇ ದಿನ ಕಳೆಯುವುದುಂಟು. ಗಿಳಿಗಳು ಬೇಟೆಗೆ ಸಿಗದಿರಲೆಂದು ಕಾಯಿಲೆಯನ್ನು ಮರೆಮಾಚುವ ಸ್ವಭಾವದವು; ಲಕ್ಷಣ ಎದ್ದು ಕಾಣುವ ಹೊತ್ತಿಗೆ ರೋಗ ಬಹುಮಟ್ಟಿಗೆ ಮುಂದುವರಿದಿರುತ್ತದೆ.

ಕಿತ್ತಳೆ ಮತ್ತು ಕಡು ಹಸಿರು ಬಣ್ಣದ ಸಸ್ಯಾಹಾರದಲ್ಲಿರುವ ಬೀಟಾ ಕ್ಯಾರೊಟೀನ್ ಎಂಬ ವಸ್ತುವನ್ನು ಗಿಳಿಯ ದೇಹವು ತನಗೆ ಬೇಕಾದಷ್ಟು ಮಾತ್ರ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಗಜ್ಜರಿ, ಸಿಹಿಗುಂಬಳ, ಒಳಗೆ ಕಿತ್ತಳೆ ಬಣ್ಣವಿರುವ ಗೆಣಸು, ಕೆಂಪು ದೊಣ್ಣೆಮೆಣಸಿನಕಾಯಿ, ಪರಂಗಿಹಣ್ಣು, ಮಾವು, ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪು, ಹರಿವೆ ಸೊಪ್ಪುಗಳು ಇದರ ಆಗರಗಳು. ಹರಿವೆ ಮತ್ತು ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಇರುವುದರಿಂದ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಅವನ್ನೇ ನಿತ್ಯ ಕೊಡದೆ ಬದಲಾಯಿಸುತ್ತಿರಬೇಕು. ಸೇಬು, ದ್ರಾಕ್ಷಿ, ಸೌತೆಕಾಯಿಗಳನ್ನು ಗಿಳಿ ಇಷ್ಟಪಟ್ಟು ತಿಂದರೂ ಅವುಗಳಿಂದ ಈ ಕೊರತೆ ನೀಗುವುದಿಲ್ಲ.

ಗಿಳಿಗೆ ಮೆಣಸಿನಕಾಯಿ ಕೊಡುವ ನಮ್ಮ ನಾಡಿನ ವಾಡಿಕೆಯನ್ನು ಇಲ್ಲಿ ಹೇಳಬೇಕು. ಖಾರದ ಅನುಭವ ಹುಟ್ಟಿಸುವ ಕ್ಯಾಪ್ಸೇಸಿನ್ ಎಂಬ ವಸ್ತುವು ಹಕ್ಕಿಗಳ ನರಗಳಿಗೆ ತಾಕುವುದಿಲ್ಲವಾದ್ದರಿಂದ ಗಿಳಿಗೆ ಅದು ಖಾರವೇ ಅಲ್ಲ. ಮೆಣಸಿನಕಾಯಿ ತಿಂದರೆ ಗಿಳಿ ಬೇಗ ಮಾತು ಕಲಿಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಆದರೆ ಹಣ್ಣಾದ ಕೆಂಪು ಮೆಣಸಿನಕಾಯಿಯಲ್ಲಿ ಕ್ಯಾರೊಟೀನ್ ಸಮೃದ್ಧವಾಗಿರುವುದರಿಂದ ವಾಡಿಕೆಯು ಹಕ್ಕಿಗೆ ಒಳ್ಳೆಯದನ್ನೇ ಮಾಡುತ್ತದೆ.

ಕ್ಯಾಲ್ಸಿಯಂ, ಡಿ ಜೀವಸತ್ವ ಮತ್ತು ಬಿಸಿಲು

ಕ್ಯಾಲ್ಸಿಯಂ ದೇಹಗತವಾಗಲು ಡಿ ಜೀವಸತ್ವ ಬೇಕು. ಸಸ್ಯಮೂಲದ ಡಿ2ಕ್ಕಿಂತ ಡಿ3 ಎಂಬ ರೂಪವೇ ಹಕ್ಕಿಗಳಿಗೆ ಪ್ರಯೋಜನಕರ. ಅದು ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮದಲ್ಲಿ ತಯಾರಾಗುತ್ತದೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ, ಗಾಜಿನ ಹಿಂದಿನ ಬಿಸಿಲಿನಲ್ಲಿ ಪಂಜರವಿಟ್ಟರೆ ಬೆಳಕು ಮತ್ತು ಸೆಕೆ ಸಿಗುವುದೇ ಹೊರತು ಜೀವಸತ್ವ ಸಿಗದು. ಬೆಳಗಿನ ಎಳೆ ಬಿಸಿಲಿನಲ್ಲಿ, ಅರ್ಧ ನೆರಳಿರುವಂತೆ, ಯಾರಾದರೂ ನೋಡಿಕೊಳ್ಳುತ್ತಿರುವಾಗ ಪಂಜರವನ್ನು ಹೊರಗಿಡುವುದು ಯೋಗ್ಯ. ಹದ್ದು, ಬೆಕ್ಕುಗಳ ಭಯವನ್ನು ಮರೆಯಬಾರದು.

ಆಫ್ರಿಕದ ಬೂದು ಗಿಳಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ನಡುಕ ಮತ್ತು ಸೆಳವು ಬರುವುದು ಪ್ರಸಿದ್ಧ. ಎಲ್ಲ ಪ್ರಭೇದಗಳ ಹೆಣ್ಣು ಹಕ್ಕಿಗಳಲ್ಲಿ, ಮೊಟ್ಟೆಯಿಡುವ ಕಾಲದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಾಪಾಯವಾಗುತ್ತದೆ. ಗ್ರಂಥಿಗೆ ಅಂಗಡಿಗಳಲ್ಲಿ ಸಮುದ್ರನೊರೆ ಎಂಬ ಹೆಸರಿನಲ್ಲಿ ಸಿಗುವ ಕಟಲ್ ಮೀನಿನ ಬಿಳಿ ಓಡು ಉತ್ತಮ ಕ್ಯಾಲ್ಸಿಯಂ ಮೂಲ. ಅದನ್ನು ತೊಳೆದು ಒಣಗಿಸಿ ಪಂಜರಕ್ಕೆ ಕಟ್ಟಿದರೆ ಹಕ್ಕಿ ತನಗೆ ಬೇಕೆನಿಸಿದಾಗ ಕೆರೆದು ತಿನ್ನುತ್ತದೆ. ಚೆನ್ನಾಗಿ ಬೇಯಿಸಿದ ಮೊಟ್ಟೆಯ ಚಿಪ್ಪಿನ ಪುಡಿಯೂ ಆದೀತು. ಎಲೆಗೆ ಹಚ್ಚುವ ಸುಣ್ಣ ಮಾತ್ರ ಸಲ್ಲದು. ಅದು ಬಾಯಿಯನ್ನೂ ಅನ್ನನಾಳವನ್ನೂ ಸುಡುತ್ತದೆ.

ಸಿ ಜೀವಸತ್ವವನ್ನು ಗಿಳಿಗಳು ಸಾಮಾನ್ಯವಾಗಿ ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ.

ಪೂರಕಗಳ ಬಳಕೆ ಮತ್ತು ಅಪಾಯ

ಮಾರುಕಟ್ಟೆಯಲ್ಲಿ ಜೀವಸತ್ವ ಪೂರಕಗಳು ನೀರಿಗೆ ಬೆರೆಸುವ ಹನಿಗಳಾಗಿ ಮತ್ತು ಆಹಾರಕ್ಕೆ ಉದುರಿಸುವ ಪುಡಿಯಾಗಿ ದೊರೆಯುತ್ತವೆ. ನೀರಿನಲ್ಲಿ ಬೆರೆಸುವ ಕ್ರಮ ಸುಲಭವಾಗಿ ತೋರಿದರೂ ಅದರ ದೋಷಗಳು ಹಲವು. ಬೆಳಕು ಮತ್ತು ಗಾಳಿಗೆ ಜೀವಸತ್ವಗಳು ಕೆಲವು ಗಂಟೆಗಳಲ್ಲಿಯೇ ಸತ್ವಹೀನವಾಗುತ್ತವೆ; ಸಿಹಿ ಬೆರೆತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ; ರುಚಿ ಬದಲಾದ ನೀರನ್ನು ಹಕ್ಕಿ ಕುಡಿಯದೆ ಬಿಡಬಹುದು; ಎಷ್ಟು ಕುಡಿಯಿತೆಂಬ ಲೆಕ್ಕವೂ ಇರುವುದಿಲ್ಲ. ಒಣ ಕಾಳಿನ ಮೇಲೆ ಪುಡಿ ಉದುರಿಸುವುದಂತೂ ವ್ಯರ್ಥ. ಗಿಳಿಯು ಕಾಳನ್ನು ಕೊಕ್ಕಿನಲ್ಲಿ ತಿರುಗಿಸಿ ಸಿಪ್ಪೆ ಸುಲಿದು ತಿರುಳನ್ನಷ್ಟೇ ನುಂಗುವುದರಿಂದ, ಸಿಪ್ಪೆಗೆ ಅಂಟಿದ ಪುಡಿ ಪಂಜರದ ತಳ ಸೇರುತ್ತದೆ. ಪೂರಕ ಬೇಕೇ ಆದರೆ ಒದ್ದೆಯಾದ ತರಕಾರಿ ಚೂರುಗಳಿಗೆ ಅಥವಾ ಮೊಳಕೆ ಕಾಳಿಗೆ ಬೆರೆಸಿ, ತಿಂದದ್ದನ್ನು ಗಮನಿಸಬೇಕು.

ಬಿ ಗುಂಪಿನ ಜೀವಸತ್ವಗಳು ಹೆಚ್ಚಾದರೆ ನೀರಿನಲ್ಲಿ ಕರಗಿ ಹೊರಹೋಗುತ್ತವೆ. ಕೊಬ್ಬಿನಲ್ಲಿ ಕರಗುವ ಎ ಮತ್ತು ಡಿ ಹಾಗಲ್ಲ, ದೇಹದಲ್ಲಿ ಶೇಖರವಾಗುತ್ತವೆ. ಡಿ3 ಮಿತಿ ಮೀರಿದರೆ ಮೂತ್ರಪಿಂಡಗಳಲ್ಲಿ ಕ್ಯಾಲ್ಸಿಯಂ ಗಟ್ಟಿಗಟ್ಟುತ್ತದೆ. ಮಕಾವ್‌ಗಳು ಇದಕ್ಕೆ ವಿಶೇಷವಾಗಿ ಬಲಿಯಾಗುತ್ತವೆ. ಕಾಕಟೀಲ್‌ಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಯಸ್ಕ ಹಕ್ಕಿಗಳು ಎ ಜೀವಸತ್ವದ ಕೊರತೆಗಿಂತ ಅದರ ಅತಿರೇಕಕ್ಕೇ ಹೆಚ್ಚು ಬೇಗ ತೊಂದರೆಗೀಡಾಗುವುದು ಕಂಡುಬಂದಿತು. ಆದುದರಿಂದ ಸಿದ್ಧ ಆಹಾರದ ಗುಳಿಗೆಗಳನ್ನು ಪ್ರಧಾನವಾಗಿ ತಿನ್ನುವ ಹಕ್ಕಿಗೆ, ವೈದ್ಯರು ಹೇಳದ ಹೊರತು, ಮೇಲಿನಿಂದ ಪೂರಕ ಕೊಡಕೂಡದು. ಆ ಗುಳಿಗೆಗಳಲ್ಲಿ ಜೀವಸತ್ವಗಳನ್ನು ಮೊದಲೇ ಸೇರಿಸಿರುತ್ತಾರೆ. ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಹಾಕುವುದು ಇನ್ನೂ ಅಪಾಯಕರ. 35 ಗ್ರಾಂ ತೂಗುವ ಬಜರಿಗರ್‌ಗೆ ಮಾತ್ರೆಯ ಒಂದು ಚಿಟಿಕೆಯೂ ಮಿತಿಮೀರಿದ ಪ್ರಮಾಣವಾಗಬಹುದು.

ಆಹಾರವನ್ನು ಬದಲಿಸುವ ಕ್ರಮ

ಅನೇಕ ಪಶುವೈದ್ಯರು ಆಹಾರದಲ್ಲಿ ಶೇಕಡಾ 60ರಿಂದ 80ರಷ್ಟು ಗುಳಿಗೆ, ಉಳಿದದ್ದರಲ್ಲಿ ಬಹುಪಾಲು ತರಕಾರಿ ಮತ್ತು ಸೊಪ್ಪು, ಸ್ವಲ್ಪ ಹಣ್ಣು, ಬಹುಮಾನವೆಂಬಂತೆ ನಾಲ್ಕಾರು ಬೀಜ ಎಂಬ ಪ್ರಮಾಣವನ್ನು ಸೂಚಿಸುತ್ತಾರೆ. ಗುಳಿಗೆ ದುಬಾರಿಯಾದ ಕಡೆ ಬೇಯಿಸಿದ ಬೇಳೆ, ಮೊಳಕೆ ಹೆಸರುಕಾಳು, ಸಿರಿಧಾನ್ಯ, ಸೊಪ್ಪು ತರಕಾರಿಗಳಿಂದ ಆಹಾರವನ್ನು ಬಹಳಷ್ಟು ಸುಧಾರಿಸಬಹುದು. ಮಕರಂದವನ್ನು ಹೀರುವ ಲೋರಿ ಗಿಳಿಗಳಿಗೆ ಈ ಪ್ರಮಾಣ ಅನ್ವಯಿಸದು.

ಕಾಳಿಗೆ ಒಗ್ಗಿದ ಗಿಳಿ ಹೊಸ ವಸ್ತುವನ್ನು ಆಹಾರವೆಂದೇ ಗುರುತಿಸುವುದಿಲ್ಲ. ಹಸಿದಾಗ ತಾನೇ ತಿನ್ನುತ್ತದೆಂದು ಕಾಳನ್ನು ಒಮ್ಮೆಲೇ ನಿಲ್ಲಿಸಿದರೆ, ಬಟ್ಟಲು ತುಂಬ ಗುಳಿಗೆಯಿದ್ದರೂ ಉಪವಾಸದಿಂದ ಸಾಯಬಹುದು. ಬದಲಾವಣೆಗೆ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ಬೆಳಗ್ಗೆ ಹಸಿವಿರುವಾಗ ಸಣ್ಣಗೆ ಹೆಚ್ಚಿದ ತರಕಾರಿಯನ್ನು ಮೊದಲಿಟ್ಟು, ಕಾಳನ್ನು ಅನಂತರ ಅಳತೆಯಂತೆ ಕೊಡುತ್ತಾ ದಿನದಿನಕ್ಕೆ ಕಡಿಮೆ ಮಾಡಬೇಕು. ಗಿಳಿಯು ಒಡನಾಡಿಗಳನ್ನು ನೋಡಿ ಕಲಿಯುವ ಹಕ್ಕಿಯಾದುದರಿಂದ, ಮನೆಯವರು ಅದರ ಎದುರಿಗೆ ಗಜ್ಜರಿ ತಿಂದು ತೋರಿಸುವುದು ಪರಿಣಾಮಕಾರಿ. ಈ ಅವಧಿಯಲ್ಲಿ ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ಹಕ್ಕಿಯನ್ನು ದಿನವೂ ತೂಗಿ ಬರೆದಿಡಬೇಕು. ತೂಕ ಹತ್ತನೆಯ ಒಂದು ಭಾಗದಷ್ಟು ಇಳಿಯುವ ಮೊದಲೇ ಹಳೆಯ ಆಹಾರಕ್ಕೆ ಮರಳಿ ವೈದ್ಯರನ್ನು ಕಾಣಬೇಕು. ಕಾಯಿಲೆಯಿರುವ ಹಕ್ಕಿಯ ಆಹಾರವನ್ನು ಮನೆಯಲ್ಲಿ ತಾವಾಗಿ ಬದಲಿಸಬಾರದು.

ಕೊಡಬಾರದ ಪದಾರ್ಥಗಳು

ಕೊಡಗಿನ ಕಡೆ ಬೆಳೆಯುವ, ಅವಕಾಡೊ ಎಂದು ಕರೆಯುವ ಬೆಣ್ಣೆಹಣ್ಣಿನಲ್ಲಿ ಪರ್ಸಿನ್ ಎಂಬ ವಿಷವಿದ್ದು ಗಿಳಿಯ ಹೃದಯಕ್ಕೆ ಮಾರಕ. ಚಾಕೊಲೇಟ್, ಕಾಫಿ, ಚಹಾ, ಮದ್ಯ, ಉಪ್ಪು ಹಾಕಿದ ತಿಂಡಿ, ಈರುಳ್ಳಿ, ಸೇಬಿನ ಬೀಜ ಇವುಗಳನ್ನೂ ಕೊಡಬಾರದು. ಹಾಲಿನ ಸಕ್ಕರೆಯನ್ನು ಹಕ್ಕಿಗಳು ಜೀರ್ಣಿಸಿಕೊಳ್ಳಲಾರವು. ಮುಗ್ಗಿದ ಕಡಲೆಕಾಯಿಯಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ. ಮೊಳಕೆ ಕಾಳು ಲೋಳೆಯಾದರೆ, ವಾಸನೆ ಬಂದರೆ ಚೆಲ್ಲಬೇಕು. ಹೆಚ್ಚಿದ ಹಣ್ಣನ್ನು ಸೆಕೆಗಾಲದಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಪಂಜರದಲ್ಲಿ ಬಿಡಬಾರದು.

ಭಾರತದಲ್ಲಿ ಸಾಕಾಣಿಕೆ

ನಮ್ಮ ಪೇಟೆಗಳಲ್ಲಿ ಲವ್ ಬರ್ಡ್ಸ್ ಎಂದು ಮಾರಾಟವಾಗುವ ಪುಟ್ಟ ಹಕ್ಕಿಗಳು ಹೆಚ್ಚಾಗಿ ಆಸ್ಟ್ರೇಲಿಯ ಮೂಲದ ಬಜರಿಗರ್‌ಗಳು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಕೊರಳಲ್ಲಿ ಗುಲಾಬಿ ಉಂಗುರವಿರುವ ಗಿಳಿ, ದೊಡ್ಡ ರಾಮಗಿಳಿ ಮೊದಲಾದ ದೇಶೀಯ ಪ್ರಭೇದಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಗಾಯಗೊಂಡ ಅಥವಾ ಗೂಡಿನಿಂದ ಬಿದ್ದ ಇಂಥ ಗಿಳಿ ಸಿಕ್ಕಿದರೆ ಅರಣ್ಯ ಇಲಾಖೆಗೆ ಅಥವಾ ಮಾನ್ಯತೆ ಪಡೆದ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಬೇಕು.