ನಿಲ್ಲುವುದೂ ಒಂದು ಧೈರ್ಯ

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ಆರೋಗ್ಯವಂತ ದೇಹವನ್ನೂ ಒರೆಗೆ ಹಚ್ಚುವ ಈ ದೂರವನ್ನು ಅಸ್ವಸ್ಥ ದೇಹದಿಂದ ಕ್ರಮಿಸಹೊರಟರೆ ಏನಾಗುವುದೆಂಬುದನ್ನು 2004ರ ಅಥೆನ್ಸ್ ಒಲಿಂಪಿಕ್ಸ್ ತೋರಿಸಿಕೊಟ್ಟಿತು. ಆಗಸ್ಟ್ 22ರ ಸಂಜೆ ನಡೆದ ಮಹಿಳೆಯರ ಮ್ಯಾರಥಾನ್‌ನಲ್ಲಿ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಗೆಲ್ಲುವರೆಂದೇ ಬಹುಮಂದಿ ನಂಬಿದ್ದರು. ಹಿಂದಿನ ವರ್ಷ ಲಂಡನ್ನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡುಗಳ ವಿಶ್ವದಾಖಲೆ ಸ್ಥಾಪಿಸಿದ್ದವರು ಅವರು.

ಆದರೆ ಓಟಕ್ಕೆ ಮುನ್ನವೇ ಅವರ ಕಾಲಿಗೆ ಪೆಟ್ಟಾಗಿತ್ತು. ಅದಕ್ಕಾಗಿ ಸೇವಿಸಿದ ಔಷಧ ಹೊಟ್ಟೆಯನ್ನು ಕೆಡಿಸಿತು. ತಿಂದ ಆಹಾರ ಮೈಗೆ ಹತ್ತದಾಯಿತು. ಸುಡುವ ಸೆಕೆಯಲ್ಲಿ ಸುಮಾರು 36 ಕಿಲೋಮೀಟರ್ ಓಡಿದ ಬಳಿಕ ಅವರು ನಿಂತರು. ರಸ್ತೆಯ ಬದಿಯಲ್ಲಿ ಕುಳಿತು ಅತ್ತರು. ಐದು ದಿನಗಳ ನಂತರ 10,000 ಮೀಟರ್ ಓಟಕ್ಕಿಳಿದು, ಅದನ್ನೂ ಪೂರೈಸಲಾರದೆ ಹೊರಬಂದರು. ಸ್ವದೇಶದಲ್ಲಿಯೇ ಕೆಲವರು ಅವರನ್ನು ಜರೆದರು. ಆದರೆ ಅದೇ ವರ್ಷದ ನವೆಂಬರ್ 7ರಂದು ನ್ಯೂಯಾರ್ಕ್ ಮ್ಯಾರಥಾನ್ ಅವರದಾಯಿತು.

ಇದಕ್ಕೆ ಐವತ್ತು ವರ್ಷಗಳ ಹಿಂದೆ, 1954ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ಇಂಗ್ಲೆಂಡಿನ ಜಿಮ್ ಪೀಟರ್ಸ್ ಎಂಬ ಓಟಗಾರ ಎಲ್ಲರಿಗಿಂತ ಬಹು ಮುಂದಾಗಿ ಕ್ರೀಡಾಂಗಣವನ್ನು ಪ್ರವೇಶಿಸಿದ. ಬಿಸಿಲಿನ ಬೇಗೆಗೆ ಆತನ ದೇಹ ಸೋತುಹೋಗಿತ್ತು. ಬಿದ್ದ, ಎದ್ದ, ಮತ್ತೆ ಮತ್ತೆ ಬಿದ್ದ. ಗುರಿಯನ್ನು ಮುಟ್ಟಲೇ ಇಲ್ಲ. ಆ ಬಳಿಕ ಆತ ಸ್ಪರ್ಧೆಯಲ್ಲಿ ಓಡಲೂ ಇಲ್ಲ.

ಈ ಇಬ್ಬರಲ್ಲಿ ಧೈರ್ಯಶಾಲಿ ಯಾರು? ಧೈರ್ಯವೆಂಬುದು ಹೇಡಿತನ ಮತ್ತು ದುಡುಕು ಎಂಬ ಎರಡು ಅತಿಗಳ ನಡುವಿನ ಹಾದಿಯೆಂದು ಅರಿಸ್ಟಾಟಲ್ ಬೋಧಿಸಿದ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಎಲ್ಲ ನೈತಿಕ ಸದ್ಗುಣಗಳಿಗೂ ವಿವೇಕವೇ ದಾರಿ ತೋರಬೇಕೆಂದರು. ವಿವೇಕವಿಲ್ಲದ ಧೈರ್ಯ ಸದ್ಗುಣವೇ ಅಲ್ಲ.

ಸಂತ ಪೌಲರು ವಿಶ್ವಾಸದ ಬಾಳನ್ನು ಓಟಕ್ಕೆ ಹೋಲಿಸಿಲ್ಲವೇ ಎಂದು ಕೇಳುವವರುಂಟು. ನಿಜ. ಆದರೆ ತಮ್ಮ ಶರೀರಕ್ಕೆ ಚುಚ್ಚಿದ ಮುಳ್ಳೊಂದರ ಕುರಿತು ಬರೆದವರೂ ಅವರೇ. ಅದನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿದರೂ ಅದು ಹೋಗಲಿಲ್ಲ. ಬಲಹೀನತೆಯಲ್ಲಿಯೇ ದೇವರ ಕೃಪೆ ಸಾಕೆಂದು ಅವರು ಕಲಿತರು. ಪ್ರವಾದಿ ಎಲೀಯ ದಣಿದು ಮರದಡಿ ಮಲಗಿದಾಗ ದೇವದೂತ ಗದರಲಿಲ್ಲ. ರೊಟ್ಟಿ, ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಆಮೇಲೆಯೇ ದೀರ್ಘ ಪ್ರಯಾಣಕ್ಕೆ ಎಬ್ಬಿಸಿದ.

ಇದು ಕ್ರೀಡಾಪಟುಗಳಿಗಷ್ಟೇ ಸಲ್ಲುವ ಪಾಠವಲ್ಲ. ತಪಸ್ಸುಕಾಲ ಬಂದರೆ ಸಕ್ಕರೆ ಕಾಯಿಲೆಯ ಹಿರಿಯರು ಊಟ ಬಿಟ್ಟು, ಮಾತ್ರೆಯನ್ನೂ ಬಿಡುವುದನ್ನು ನಾವು ಕಾಣುತ್ತೇವೆ. ಜ್ವರವನ್ನು ಮುಚ್ಚಿಟ್ಟು ಒಲೆಯ ಮುಂದೆ ನಿಲ್ಲುವ ತಾಯಂದಿರನ್ನೂ ಕಾಣುತ್ತೇವೆ. ಅವರ ಭಕ್ತಿ, ತ್ಯಾಗಗಳಿಗೆ ನಾವು ತಲೆಬಾಗುತ್ತೇವೆ. ಆದರೆ ಧರ್ಮಸಭೆ ಇದನ್ನು ಕೇಳಿಲ್ಲ. ಉಪವಾಸದ ಕಟ್ಟಳೆ 18 ವರ್ಷ ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಅಸ್ವಸ್ಥರಿಗೆ ಅದರಿಂದ ವಿನಾಯಿತಿಯುಂಟು. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವೂ ವೃದ್ಧರಿಗೆ, ರೋಗಿಗಳಿಗೆ, ಅವರ ಆರೈಕೆ ಮಾಡುವವರಿಗೆ ಕಡ್ಡಾಯವಲ್ಲ. ಮನುಷ್ಯನ ಮಿತಿಯನ್ನು ಅರಿತೇ ಧರ್ಮಸಭೆ ಈ ನಿಯಮಗಳನ್ನು ರೂಪಿಸಿದೆ.

ಮಿತಿಯೆಂಬುದು ಅವಮಾನವಲ್ಲ. ನಾವು ಸೃಷ್ಟಿಕರ್ತರಲ್ಲ, ಸೃಷ್ಟಿಗಳು ಎಂಬುದರ ಗುರುತು ಅದು. ಆದುದರಿಂದ ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಮೈ ಸರಿಯಿಲ್ಲದೆಯೂ ದುಡಿಯುತ್ತಿರುವವರು ಇದ್ದರೆ, ಅವರ ಸಹನೆಯನ್ನು ಹೊಗಳಿ ಸುಮ್ಮನಾಗಬೇಡಿ. ಕೈಯಲ್ಲಿರುವ ಕೆಲಸವನ್ನು ತೆಗೆದುಕೊಂಡು, ಅವರನ್ನು ಮಲಗಲು ಕಳುಹಿಸಿ. ಎಲೀಯನಿಗೆ ದೇವದೂತ ಮಾಡಿದ್ದು ಅಷ್ಟನ್ನೇ.