ಮೂಲನಿವಾಸಿಗಳ ಮಾತಿಗೆ ಒಂದು ಸ್ಥಾನ



ನಮ್ಮ ಹಿರಿಯ ತರಗತಿಯ ಹುಡುಗಿಯೊಬ್ಬಳು ಚರಿತ್ರೆಯ ಪಾಠದ ನಡುವೆ ಹೀಗೆ ಕೇಳಿದಳು: “ಅಮ್ಮನವರೇ, ಆಸ್ಟ್ರೇಲಿಯದಲ್ಲಿ ಎಲ್ಲರಿಗೂ ಒಂದೊಂದು ಮತವಿರುವಾಗ ಅಲ್ಲಿಯ ಮೂಲನಿವಾಸಿಗಳು ಬೇರೆಯೊಂದು ಧ್ವನಿಯನ್ನು ಬೇಡಿದ್ದೇಕೆ?” ಪ್ರಶ್ನೆಯು ಯೋಗ್ಯವಾದುದು. ಅದಕ್ಕೆ ತಕ್ಕ ಉತ್ತರವನ್ನು ತಮ್ಮ ಮುಂದೆಯೂ ಇಡಬೇಕೆಂದು ಈ ಲೇಖನವನ್ನು ಬರೆದಿರುವೆನು.

ಆ ಖಂಡದಲ್ಲಿ ಮೂಲನಿವಾಸಿಗಳು 50,000 ವರ್ಷಗಳಿಗೂ ಹಿಂದಿನಿಂದ ನೆಲೆಸಿರುವರು. 1788ರಲ್ಲಿ ಬ್ರಿಟಿಷರು ಬಂದಿಳಿದಾಗ ಅವರೊಡನೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳಲಿಲ್ಲ. ಆ ನೆಲವು ಯಾರಿಗೂ ಸೇರದ ನೆಲವೆಂಬ ಭಾವನೆಯ ಮೇಲೆಯೇ ಕಾನೂನು ನಡೆಯಿತು. ಅದು ತಪ್ಪೆಂದು ಅಲ್ಲಿಯ ಉಚ್ಚ ನ್ಯಾಯಸ್ಥಾನವು ಮಾಬೋ ಎಂಬಾತನ ಮೊಕದ್ದಮೆಯಲ್ಲಿ ತೀರ್ಪಿತ್ತದ್ದು 1992ರಲ್ಲಿ. 1901ರ ಸಂವಿಧಾನವಾದರೋ ಜನರನ್ನು ಲೆಕ್ಕಹಾಕುವಾಗ ಮೂಲನಿವಾಸಿಗಳನ್ನು ಎಣಿಸಕೂಡದೆಂದು ವಿಧಿಸಿತ್ತು. 1967ರ ಜನಮತವು ನೂರಕ್ಕೆ 90ಕ್ಕೂ ಮಿಕ್ಕ ಮತಗಳಿಂದ ಈ ವಿಧಿಯನ್ನು ಅಳಿಸಿತು; ಅವರ ವಿಷಯವಾಗಿ ಪ್ರತ್ಯೇಕ ಕಾನೂನು ಮಾಡುವ ಅಧಿಕಾರವನ್ನು ಕೇಂದ್ರ ಪಾರ್ಲಿಮೆಂಟಿಗೆ ಕೊಟ್ಟಿತು. ಆದರೆ ಆ ಕಾನೂನು ಮಾಡುವ ಮೊದಲು ಅವರನ್ನು ಕೇಳಬೇಕೆಂದು ಎಲ್ಲಿಯೂ ಬರೆಯಲಿಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರವು ಇಲ್ಲಿಯೇ ಉಂಟು. 2021ರ ಜನಗಣತಿಯಂತೆ ಅವರು ನೂರಕ್ಕೆ 3.2 ಮಂದಿ ಮಾತ್ರ. ಒಂದು ಜನಾಂಗಕ್ಕೆಂದೇ ಕಾನೂನು ಮಾಡುವ ಸಭೆಯಲ್ಲಿ ಆ ಜನಾಂಗದ ಮತವು ಕಡಲಿನಲ್ಲಿ ಬಿದ್ದ ಹನಿಯಾದರೆ, ಮತವೊಂದರಿಂದಲೇ ಅವರ ಮಾತು ಕೇಳಿಸುವುದೆಂದು ಹೇಳಬಹುದೆ?

ಈ ಬೇಡಿಕೆಯು ಹೊಸದಲ್ಲ. ಯೋರ್ಟಾ ಯೋರ್ಟಾ ಜನದ ವಿಲಿಯಂ ಕೂಪರ್ ಎಂಬ ಹಿರಿಯರು ಮಲೋಗ ಎಂಬ ಮಿಶನ್ ಠಾಣೆಯಲ್ಲಿ ಅಕ್ಷರ ಕಲಿತವರು. ತಮ್ಮ ಜನರ ಪರವಾಗಿ ಪಾರ್ಲಿಮೆಂಟಿನಲ್ಲಿ ಒಬ್ಬ ಪ್ರತಿನಿಧಿಯಿರಬೇಕೆಂದು ಇವರು ಚಕ್ರವರ್ತಿಗಳಿಗೆ ಅರ್ಜಿ ಬರೆದು, 1,814 ರುಜುಗಳನ್ನು ಕೂಡಿಸಿದರು. ಸರಕಾರವು 1938ರಲ್ಲಿ ಅದನ್ನು ಮುಂದಕ್ಕೆ ಕಳುಹಿಸಲು ನಿರಾಕರಿಸಿತು.

2017ರ ಮೇ ತಿಂಗಳಲ್ಲಿ ಉಲುರು ಬಂಡೆಯ ಬಳಿ ಕೂಡಿದ ಮೂಲನಿವಾಸಿಗಳ ಪ್ರತಿನಿಧಿಗಳು ಅದೇ ಬೇಡಿಕೆಯನ್ನು ಹೊಸದಾಗಿ ಮುಂದಿಟ್ಟರು. ಅವರು ಕೇಳಿದ ಸಭೆಗೆ ಕಾನೂನು ಮಾಡುವ ಅಧಿಕಾರವಾಗಲಿ ತಡೆಯುವ ಅಧಿಕಾರವಾಗಲಿ ಇರಲಿಲ್ಲ. ಪಾರ್ಲಿಮೆಂಟಿಗೂ ಸರಕಾರಕ್ಕೂ ತಮ್ಮ ಅಭಿಪ್ರಾಯವನ್ನು ಅರಿಕೆ ಮಾಡಿಕೊಳ್ಳುವ ಹಕ್ಕು ಮಾತ್ರವಿತ್ತು. ಸಂವಿಧಾನದಲ್ಲಿಯೇ ಅದು ಸೇರಬೇಕೆಂದು ಬಯಸಲು ಕಾರಣವಿತ್ತು. 1990ರಲ್ಲಿ ಕಾನೂನಿನಿಂದ ಹುಟ್ಟಿದ ಅವರ ಪ್ರತಿನಿಧಿ ಮಂಡಲಿಯು 2005ರಲ್ಲಿ ಮತ್ತೊಂದು ಕಾನೂನಿನಿಂದಲೇ ರದ್ದಾಗಿತ್ತು.

2023ನೆಯ ಅಕ್ಟೋಬರ್ 14ರಂದು ಜನಮತ ನಡೆಯಿತು. ನೂರಕ್ಕೆ ಸುಮಾರು 60 ಮಂದಿ ಬೇಡವೆಂದರು. 6 ಸಂಸ್ಥಾನಗಳೂ ನಿರಾಕರಿಸಿದವು. ಇದು ಪ್ರಜೆಗಳನ್ನು ಜನಾಂಗದಿಂದ ವಿಭಾಗಿಸುವುದೆಂದು ಹಲವರು ಆಕ್ಷೇಪಿಸಿದರು. ಮೂಲನಿವಾಸಿಗಳಲ್ಲಿಯೂ ಕೆಲವರು ಇದನ್ನು ವಿರೋಧಿಸಿದರು. ಬರಿಯ ಸಲಹೆಯಿಂದ ಸಾಲದು, ಮೊದಲು ಒಪ್ಪಂದವಾಗಲಿ ಎಂದವರೂ ಉಂಟು. ಈ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಮೊದಲಿಗರೆಂಬುದು ಚರಿತ್ರೆಯ ಸಂಗತಿಯೇ ಹೊರತು ಮೇಲು ಕೀಳಿನ ಎಣಿಕೆಯಲ್ಲವೆಂದು ನನ್ನ ಅಭಿಪ್ರಾಯ. ಅದೇ ವರ್ಷ ದಕ್ಷಿಣ ಆಸ್ಟ್ರೇಲಿಯ ಸಂಸ್ಥಾನವು ಇಂತಹ ಸಭೆಯೊಂದನ್ನು ತನ್ನ ಕಾನೂನಿನಿಂದ ಸ್ಥಾಪಿಸಿತೆಂಬುದನ್ನೂ ಮರೆಯಲಾಗದು.

ನಮ್ಮ ದೇಶವು ಈ ಪ್ರಶ್ನೆಯನ್ನು ಆರಂಭದಲ್ಲಿಯೇ ಎದುರಿಸಿತು. ರಾಂಚಿಯ ಮಿಶನ್ ಶಾಲೆಯಲ್ಲಿ ಓದಿದ ಜೈಪಾಲ್ ಸಿಂಗ್ ಮುಂಡಾ ಅವರು 1946ರಲ್ಲಿ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಮಾತನಾಡಿದರು. ಪರಿಶಿಷ್ಟ ಪಂಗಡಗಳಿಗೆ ಶಾಸನಸಭೆಗಳಲ್ಲಿ ಸ್ಥಾನಗಳು ಮೀಸಲಾದವು. ಐದನೆಯ ಅನುಸೂಚಿಯು ಅನುಸೂಚಿತ ಕ್ಷೇತ್ರಗಳುಳ್ಳ ರಾಜ್ಯಗಳಿಗೆ ಸಲಹಾ ಮಂಡಲಿಯನ್ನು ವಿಧಿಸಿತು. ಅದರ ಸುಮಾರು ಮುಕ್ಕಾಲು ಪಾಲು ಸದಸ್ಯರು ಆ ಪಂಗಡಗಳ ಶಾಸಕರೇ ಆಗಿರತಕ್ಕದ್ದು. ಕರ್ನಾಟಕದಲ್ಲಿ ಅಂತಹ ಕ್ಷೇತ್ರಗಳಿಲ್ಲ. ನಮ್ಮ ಜೇನುಕುರುಬರ, ಕೊರಗರ ಮಾತು ಎಷ್ಟು ದೂರ ಕೇಳಿಸುವುದೆಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಮಿಶನ್ ಶಾಲೆಯವಳಾದ ನಾನು ಇನ್ನೊಂದು ಸಂಗತಿಯನ್ನು ಮುಚ್ಚಿಡಲಾರೆ. ಕೂಪರರಿಗೆ ಅಕ್ಷರ ಕಲಿಸಿದ್ದು ಮಿಶನ್. ತಾಯಿಯರ ಮಡಿಲಿನಿಂದ ಸರಕಾರವು ಕಿತ್ತುಕೊಂಡ ಅನೇಕ ಮಕ್ಕಳು ಬೆಳೆದದ್ದೂ ಮಿಶನ್‌ಗಳಲ್ಲಿಯೇ. ಇದಕ್ಕಾಗಿ ಪಾರ್ಲಿಮೆಂಟು 2008ರಲ್ಲಿ ಕ್ಷಮೆ ಬೇಡಿತು. ಕಿತ್ತುಕೊಂಡವರಲ್ಲಿ ಬಹುಮಂದಿ ಅದು ಮಕ್ಕಳ ಹಿತಕ್ಕೆಂದೇ ನಂಬಿದ್ದರು.

ಕೆಲವು ವರ್ಷಗಳ ಹಿಂದೆ ಹಾಡಿಯಿಂದ ಬಂದ ಇಬ್ಬರು ಹುಡುಗಿಯರು ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದರು. ಅವರು ತಮ್ಮ ಹಾಡಿಯ ಹಬ್ಬಕ್ಕೆ ರಜೆ ಬೇಡಿದರು. ಪರೀಕ್ಷೆಯು ಸಮೀಪಿಸಿತ್ತು, ಅವರ ಹಿತಕ್ಕೆಂದೇ ನಾನು ಒಪ್ಪಲಿಲ್ಲ. ಅವರ ಹೆತ್ತವರನ್ನು ಕರೆದು ಒಂದು ಮಾತು ಕೇಳಲಿಲ್ಲ. ಬೇಸಿಗೆಯ ರಜೆಗೆ ಹೋದ ಆ ಮಕ್ಕಳು ಮರಳಿ ಬರಲಿಲ್ಲ. ಈಗ ಪ್ರತಿ ವರ್ಷವೂ ರಜೆಯ ಪಟ್ಟಿಯನ್ನು ಬರೆಯುವ ಮೊದಲು ಹಾಡಿಯ ಹೆತ್ತವರನ್ನು ಕರೆದು ಕೇಳುತ್ತೇವೆ. ಅವರು ಹೇಳಿದ್ದೆಲ್ಲವೂ ನಡೆಯುವುದಿಲ್ಲ. ಆದರೆ ಕೇಳದೆ ಯಾವುದೂ ನಡೆಯುವುದಿಲ್ಲ.

ತಮ್ಮಲ್ಲಿ ಹಲವರು ಇಂದು ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಪಂಚಾಯಿತಿಗಳಲ್ಲಿ ಅಧಿಕಾರದ ಸ್ಥಾನದಲ್ಲಿರುವಿರಿ. ಯಾರ ವಿಷಯದಲ್ಲಿ ತೀರ್ಮಾನವಾಗುವುದೋ ಅವರನ್ನು ಮೊದಲು ಕೇಳುವ ವಾಡಿಕೆಯು ತಮ್ಮಿಂದ ಬೆಳೆಯಲೆಂದು ಹಾರೈಸುವೆನು.